ಬಣ್ಣ ತಾಗದ ಒಂದು ಹಿಡಿ

ಜಕ್ಕಬ್ಬೆಯ ಆಶ್ರಮಕ್ಕೆ ಮೋಕ್ಷ ಕೇಳಿಕೊಂಡು ಬರುತ್ತಿದ್ದವರು ಕಡಿಮೆ. ಬಾಣ ಕೇಳಿಕೊಂಡು ಬರುತ್ತಿದ್ದವರೇ ಹೆಚ್ಚು. ಬಂದವರು ಹೊಳೆಯ ದಡದಲ್ಲಿ ಕೂತು ಮಜ್ಜಿಗೆ ಕುಡಿದು, ಬಾಣದ ಜೊತೆ ಒಂದೆರಡು ಒಳ್ಳೆಯ ಮಾತನ್ನೂ ಕಟ್ಟಿಕೊಂಡು ಹೋಗುತ್ತಿದ್ದರು.

ಅವಳ ಬಾಣ ನೇರ ಹೋಗುತ್ತಿತ್ತು ಎಂಬುದು ಒಂದು. ಅದರ ಮೈಮೇಲಿನ ಬಣ್ಣ ಇನ್ನೊಂದು.

ನೆಲದಲ್ಲಿ ಹೂತಿಟ್ಟ ಆಳದ ಹರವಿ, ಅದರ ತುಂಬ ನೀರು. ನೀರಿನ ಮೇಲೆ ಅಗಸೆ ಎಣ್ಣೆಯಲ್ಲಿ ಅರೆದ ನೀಲಿ, ಕೆಂಪು, ಹಳದಿಯ ಹನಿಗಳು. ಪೊರಕೆ ಕಡ್ಡಿಯಿಂದ ಒಂದೇ ಸಲ ಕಲಕಿ, ಆ ಬಣ್ಣದ ಕೆನೆಯ ನಡುವೆ ಬಿದಿರಿನ ಕಡ್ಡಿಯನ್ನು ಮೆಲ್ಲಗೆ ಇಳಿಸಿದರೆ ಬಣ್ಣ ತಾನಾಗಿಯೇ ಸುತ್ತಿಕೊಂಡು ಹತ್ತುತ್ತಿತ್ತು. ಒಂದರಂತೆ ಇನ್ನೊಂದು ಬರುತ್ತಿರಲಿಲ್ಲ.

ಆದರೆ ಮೊನೆ ಕೂರಿಸುವ ತುದಿಯಲ್ಲಿ ಒಂದು ಹಿಡಿಯಷ್ಟು ಕಡ್ಡಿಯನ್ನು ಅವಳು ಬರಿದಾಗಿಯೇ ಬಿಡುತ್ತಿದ್ದಳು. ಅದ್ದುವಾಗ ಹಿಡಿದುಕೊಳ್ಳಲು ಜಾಗ ಬೇಕಲ್ಲ, ಅದಕ್ಕೇ ಇರಬೇಕು ಎಂದು ಅವಳ ಶಿಷ್ಯ ಕೇತ ತಿಳಿದಿದ್ದ.

ಏಳು ವರ್ಷ ಅವನಿಂದ ಬಿದಿರು ಕಡಿಸಿ, ಬೆಂಕಿಯ ಕಾವಿನಲ್ಲಿ ಕಡ್ಡಿ ನೆಟ್ಟಗೆ ಮಾಡಿಸಿದ ಮೇಲೆ ಜಕ್ಕಬ್ಬೆ ಬಣ್ಣದ ಹರವಿಯನ್ನು ಅವನಿಗೆ ಬಿಟ್ಟುಕೊಟ್ಟಳು.

"ದೇಮಯ್ಯನ ಹನ್ನೆರಡು ಬಾಣ ನಿನ್ನವು. ನಾನು ಮುಟ್ಟಲ್ಲ," ಎಂದವಳೇ, ಒಣಗಲು ಬಿಟ್ಟಿದ್ದ ಬಿದಿರು ತರಲು ಕಾಡಿಗೆ ಹೋದಳು. ದೇಮಯ್ಯ ಆಚೆ ದಡದ ಬಿಲ್ಲುಗಾರ. ನವರಾತ್ರಿಯ ಗುರಿಯಾಟಕ್ಕೆ ಅವನಿಗೆ ಬಾಣ ಬೇಕಿತ್ತು.

ಕೇತನ ಹುಮ್ಮಸ್ಸು ಕೇಳಬೇಕೆ! ಬಣ್ಣವಿಲ್ಲದ ಆ ಒಂದು ಹಿಡಿ ಮೊದಲಿಂದಲೂ ಅವನ ಕಣ್ಣಿಗೆ ಅರ್ಧ ಸುಣ್ಣ ಬಳಿದು ಬಿಟ್ಟ ಗೋಡೆಯಂತೆ ಕಾಣುತ್ತಿತ್ತು. ಒಂದು ಕಡೆ ಅದ್ದಿ, ಒಣಗಿಸಿ, ತಿರುಗಿಸಿ ಹಿಡಿದು ಇನ್ನೊಂದು ಕಡೆಯನ್ನೂ ಅದ್ದಿದ. ಬುಡದಿಂದ ತುದಿಯವರೆಗೆ ಬಣ್ಣವೋ ಬಣ್ಣ.

ಹನ್ನೊಂದು ಮುಗಿದವು. ಹನ್ನೆರಡನೆಯದನ್ನು ಕೈಗೆತ್ತಿಕೊಂಡಾಗ ತುದಿಯ ಹತ್ತಿರ ಒಂದು ಸೀಳು ಕಂಡಿತು. ಕೂದಲೆಳೆಯಷ್ಟು. ಬೆಂಕಿಯ ಕಾವು ಹೆಚ್ಚಾಗಿತ್ತು.

ಬೇರೆ ಕಡ್ಡಿ ಇರಲಿಲ್ಲ. ದೇಮಯ್ಯ ಬರಲು ಮೂರೇ ದಿನ. ಹನ್ನೆರಡು ಎಂದು ಹೇಳಿ ಹನ್ನೊಂದು ಕೊಡಲು ಕೇತನಿಗೆ ಮನಸ್ಸು ಒಪ್ಪಲಿಲ್ಲ. ಎಣ್ಣೆ ಕುಡಿದರೆ ಸೀಳು ಕೂಡಿಕೊಳ್ಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಅದ್ದಿದ.

ಮೇಲೆತ್ತಿದರೆ ಹನ್ನೆರಡರಲ್ಲಿ ಎಲ್ಲಕ್ಕಿಂತ ಅದೇ ಚೆಂದ! ನೀಲಿ ಸೀಳಿನೊಳಗೆ ಇಳಿದು, ನವಿಲಿನ ಕತ್ತಿನ ಬಣ್ಣದ ಗೆರೆಯೊಂದು ಎದ್ದಿತ್ತು. ಅದನ್ನು ನೋಡಿದ ಮೇಲೆ ಪಕ್ಕಕ್ಕೆ ಎಸೆಯುವುದು ಅವನಿಂದಾಗಲಿಲ್ಲ.

ಮೊನೆ ಕೂರಿಸಿ, ಗರಿ ಕಟ್ಟಿ ಇಟ್ಟ. ಮೂರನೆಯ ದಿನ ಸಂಜೆ ಬಂದ ದೇಮಯ್ಯ ಕಟ್ಟಿನಿಂದ ಅದನ್ನೇ ಎತ್ತಿಕೊಂಡ.

"ಅಬ್ಬಾ! ಇದನ್ನ ಹೊಡೆಯೋದೋ, ದೇವರ ಮುಂದೆ ಇಟ್ಟು ಕೈ ಮುಗಿಯೋದೋ?"

ಕೇತ ಉಬ್ಬಿಹೋದ.

ದೇಮಯ್ಯನ ಹರಿಗೋಲು ಮರೆಯಾದ ಮೇಲೆ ಉಬ್ಬಿದ್ದೆಲ್ಲ ಇಳಿಯಿತು. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹೆದೆ ಪೂರ್ತಿ ಎಳೆದಾಗ ಬಾಣದ ತುದಿ ಬಿಲ್ಲು ಹಿಡಿದ ಕೈಯ ಮೇಲೆಯೇ ಕೂತಿರುತ್ತದೆ. ಅಲ್ಲಿ ಸೀಳಿದ್ದರೆ, ಬಿಟ್ಟ ಕ್ಷಣಕ್ಕೆ ಬಿದಿರು ಸಿಡಿದು ಆ ಕೈಯನ್ನೇ ಹೊಗುತ್ತದೆ. ಅಂಥ ಕೈ ಮತ್ತೆ ಬಿಲ್ಲು ಹಿಡಿಯುವುದಿಲ್ಲ.

ಬೆಳಗ್ಗೆ ಜಕ್ಕಬ್ಬೆ ಬಿದಿರಿನ ಹೊರೆ ಇಳಿಸುವ ಮೊದಲೇ ಕೇತ ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ಉಬ್ಬಿದ್ದನ್ನೂ ಬಿಡದೆ ಹೇಳಿದ.

"ದೇಮಯ್ಯ ಗುರಿ ಹೊಡೆಯೋಕೆ ಇಳಿಯೋದು ಯಾವಾಗ?" ಎಂದು ಜಕ್ಕಬ್ಬೆ ಕೇಳಿದಳು.

"ಇವತ್ತು ಬಿಸಿಲೇರಿದ ಮೇಲೆ ಅಂದಿದ್ದ."

"ಹುಟ್ಟು ಎಲ್ಲಿದೆ?"

"ಏನವ್ವಾ?"

"ಹರಿಗೋಲಿನ ಹುಟ್ಟು ಕಣೋ. ತಗೊಂಡು ಬಾ."

ನಡುಹೊಳೆಯವರೆಗೆ ಅವಳು ತುಟಿ ಬಿಚ್ಚಲಿಲ್ಲ. ಕೇತನಿಗೆ ತಡೆಯಲಾಗಲಿಲ್ಲ.

"ಅವ್ವಾ, ಒಂದು ಮಾತಾದರೂ ಬೈಯಿರಿ."

"ಬೈದರೆ ನೀನು ಹಗುರ ಆಗ್ತೀಯ. ಹರಿಗೋಲು ಆಗಲ್ಲ. ಹುಟ್ಟು ಹಾಕು."

"ಅವನ ಕೈಗೆ ಏನಾದರೂ ಆಗಿದ್ದರೆ?"

"ಆಗಿದ್ದರೆ ಇನ್ನು ಮೇಲೆ ಅವನ ಮನೆ ಕೆಲಸಕ್ಕೆ ನಿನ್ನ ಕೈ. ಆಗಿಲ್ಲ ಅಂದರೆ ಇಲ್ಲ. ಇಲ್ಲಿಂದ ಕಾಣಲ್ಲ, ನಡಿ."

ಆಚೆ ದಡದಿಂದ ಸದ್ದು ಕೇಳಿಸಿತು. ದಬ್. ಹುಲ್ಲಿನ ಗುರಿಗೆ ಬಾಣ ನಾಟುವ ಸದ್ದು. ಕೇತನ ಹುಟ್ಟು ನೀರಿನಲ್ಲೇ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು, ದಬ್. ಸದ್ದು ಬರುತ್ತಿದೆ ಎಂದರೆ ಕೈ ನೆಟ್ಟಗಿದೆ ಎಂದು ಆಗ ಹೊಳೆಯಿತು. ಅಲ್ಲಿಂದ ಮುಂದೆ ಪ್ರತಿ ದಬ್ಬಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತ ಹುಟ್ಟು ಹಾಕಿದ.

ಆಮೇಲೆ ಸದ್ದು ನಿಂತುಹೋಯಿತು.

ಹರಿಗೋಲು ದಡ ಮುಟ್ಟುವ ಮೊದಲೇ ಕೇತ ಹಾರಿದ. ಮೊಣಕಾಲುದ್ದ ನೀರಿನಲ್ಲಿ ಬಿದ್ದ, ಎದ್ದ, ಓಡಿದ.

"ದೇಮಯ್ಯಾ! ಹೊಡೀಬೇಡ! ಆ ನವಿಲುಗೆರೆ ಬಾಣ ಹೊಡೀಬೇಡ!"

ದೇಮಯ್ಯ ಹುಣಸೆ ಮರದ ನೆರಳಲ್ಲಿ ಕಾಲು ಚಾಚಿ ಕೂತಿದ್ದ. ಬಿಲ್ಲು ಎಡಗೈಯಲ್ಲಿತ್ತು. ಐದೂ ಬೆರಳು ಇದ್ದವು. ಬಲಗೈಯಲ್ಲಿ ನವಿಲುಗೆರೆಯ ಬಾಣ ಹಿಡಿದು, ಅದರ ಹಿಂತುದಿಯಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ.

"ಇದನ್ನಾ? ಇದನ್ನ ಹೊಡೆಯೋಕೆ ನನಗೇನು ಹುಚ್ಚಾ? ಮೇಲೆ ಥಳುಕು, ಒಳಗೆ ಹುಳುಕು. ಬೆನ್ನಿಗೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ."

"ನಿನಗೆ... ನಿನಗೆ ಹೇಗೆ ಗೊತ್ತಾಯಿತು?"

"ಅವ್ವನ ಬಾಣ ಆದರೂ ತುದಿಯ ಒಂದು ಹಿಡಿ ನೋಡಿಯೇ ನಾನು ಹೆದೆಗೆ ಏರಿಸೋದು. ನಮ್ಮಪ್ಪನೂ ಹಾಗೇ ಮಾಡ್ತಿದ್ದ. ನಿನ್ನವುಗಳಲ್ಲಿ ನೋಡೋಕೆ ಜಾಗವೇ ಇಲ್ಲವಲ್ಲೋ ಮಾರಾಯ! ಚಾಕು ತಗೊಂಡು ಅಷ್ಟೂ ಕೆರೆದುಬಿಟ್ಟೆ. ಬೇಜಾರು ಮಾಡ್ಕೋಬೇಡ."

ಗುರಿಯಿಂದ ಕಿತ್ತು ತಂದ ಬಾಣಗಳು ಪಕ್ಕದಲ್ಲೇ ಬಿದ್ದಿದ್ದವು. ಎಲ್ಲದರ ತುದಿಯಲ್ಲೂ ಒಂದು ಹಿಡಿಯಷ್ಟು ಬಣ್ಣ ಅಡ್ಡಾದಿಡ್ಡಿ ಕೆರೆದುಹೋಗಿತ್ತು. ಬಿದಿರಿನ ಬಿಳಿ ಮೈ ಇಣುಕುತ್ತಿತ್ತು.

ನಿನ್ನೆ ಯಾರಾದರೂ ಹೀಗೆ ಮಾಡಿದ್ದರೆ ಕೇತ ಜಗಳಕ್ಕೆ ನಿಲ್ಲುತ್ತಿದ್ದ. ಈಗ ಒಂದೊಂದನ್ನೂ ಎತ್ತಿ, ಆ ಕೆರೆದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಹೋದ ಜೀವ ಬಂದಂತಾಯಿತು. ಅಳು ಬಂತು, ಅದರ ಬೆನ್ನಿಗೇ ನಗು ಬಂತು. ಒದ್ದೆ ಬಟ್ಟೆಯಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ.

ಅಷ್ಟರಲ್ಲಿ ಜಕ್ಕಬ್ಬೆ ಹರಿಗೋಲು ಕಟ್ಟಿ ಬಂದಿದ್ದಳು.

"ಏನವ್ವಾ ಇವನು? ಮಾಡಿದ ಬಾಣ ಕೆಡಿಸಿದರೆ ನಗ್ತಾನೆ!" ಎಂದ ದೇಮಯ್ಯ.

"ನಗಲಿ ಬಿಡು. ನಿನ್ನೆಯಿಂದ ಉಸಿರು ಹಿಡ್ಕೊಂಡಿದ್ದಾನೆ."

ಕೇತ ಕಣ್ಣೊರೆಸಿಕೊಂಡ. ಹೇಳಬೇಕಾದ ಮಾತು ಇನ್ನೂ ಉಳಿದಿತ್ತು. "ದೇಮಯ್ಯಾ, ಆ ಸೀಳು ನನಗೆ ಕಂಡಿತ್ತು. ಕಂಡೂ ಬಣ್ಣ ಹಾಕಿ ಕೊಟ್ಟೆ."

ಬೆನ್ನು ಕೆರೆಯುವುದು ನಿಂತಿತು. ದೇಮಯ್ಯ ಬಿಲ್ಲು ಕೆಳಗಿಟ್ಟು ತನ್ನ ಎಡಗೈಯನ್ನು ಒಂದು ಸಲ ಮುಚ್ಚಿದ, ಬಿಚ್ಚಿದ.

"ಅದನ್ನ ಕೆರೆಯೋವಾಗ ಮಾತ್ರ ಕೈ ಬರಲಿಲ್ಲ ಕಣೋ. ಅಷ್ಟು ಚೆನ್ನಾಗಿತ್ತು. ಇದೊಂದು ಇರಲಿ ಬಿಡು ಅಂತ ಚಾಕು ಕೆಳಗಿಟ್ಟಿದ್ದೆ. ಆಮೇಲೆ ಮತ್ತೆ ಎತ್ತಿಕೊಂಡೆ," ಎಂದ.

ಕೇತನಿಗೆ ತಲೆ ಎತ್ತಲಾಗಲಿಲ್ಲ.

"ಸರಿ, ನನ್ನ ಹನ್ನೆರಡನೇದು ಯಾವಾಗ ಕೊಡ್ತೀಯ?" ಎಂದು ದೇಮಯ್ಯ ಕೇಳಿದ.

ಕೇತ ಗುರುವಿನ ಮುಖ ನೋಡಿದ. ಅವಳು ಹೊಳೆಯ ಕಡೆ ನೋಡುತ್ತಿದ್ದಳು.

"ನಾನೇ ಮಾಡಲಾ?"

"ಮತ್ತೆ ನಿಮ್ಮ ಅಜ್ಜ ಬಂದು ಮಾಡ್ತಾನಾ? ಹಬ್ಬಕ್ಕೆ ಮೊದಲು ಬೇಕು."

ಕೇತ ಎದ್ದು ನವಿಲುಗೆರೆಯ ಬಾಣ ಮುರಿಯಲು ಕೈ ಚಾಚಿದ. ದೇಮಯ್ಯ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಮುಟ್ಟಿದರೆ ನೋಡು! ಮೊನೆ ಬೇಕಾದರೆ ಕಿತ್ಕೋ. ಮಿಕ್ಕಿದ್ದು ನನ್ನ ಬೆನ್ನಿಂದು."

ಜಕ್ಕಬ್ಬೆ ಆಗ ನಕ್ಕಳು. ಬೆಳಗಿನಿಂದ ಅದೇ ಮೊದಲು.

ಮಾರನೆಯ ದಿನ ಕೇತ ಹೊಸ ಹೊರೆಯಿಂದ ಒಂದು ಕಡ್ಡಿ ಆರಿಸಿದ. ಈ ಸಲ ಕಾವು ಹದವಾಗಿತ್ತು. ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಾಗಿಸಿದ. ಸದ್ದಿಲ್ಲ. ಉದ್ದಕ್ಕೂ ಉಗುರು ಎಳೆದು ನೋಡಿದ. ಎಲ್ಲೂ ತಡೆಯಲಿಲ್ಲ.

ಹರವಿಯ ಮುಂದೆ ಕೂತು ನೀರಿನ ಮೇಲೆ ಬಣ್ಣ ಹನಿಸಿದ, ಪೊರಕೆ ಕಡ್ಡಿಯಿಂದ ಒಂದು ಸಲ ಕಲಕಿದ. ನೀಲಿಯೊಳಗೆ ಕೆಂಪು, ಕೆಂಪಿನೊಳಗೆ ಹಳದಿ ತಿರುಗಿಕೊಂಡು ನಿಂತವು. ಕಡ್ಡಿ ಇಳಿಸಲು ಹೋದವನು ಕೈ ತಡೆದ.

"ಅವ್ವಾ, ಎಲ್ಲಿಯವರೆಗೆ ಅದ್ದಲಿ?"

ಜಕ್ಕಬ್ಬೆ ಬಿದಿರು ಸೀಳುತ್ತಿದ್ದಳು. ತಲೆ ಎತ್ತಲಿಲ್ಲ.

"ನಾಳೆ ದೇಮಯ್ಯನ ಕೈ ಎಲ್ಲಿರುತ್ತೋ, ಇವತ್ತು ನಿನ್ನ ಕೈ ಅಲ್ಲಿಡು. ಮಿಕ್ಕಿದ್ದೆಲ್ಲ ಮುಳುಗಲಿ."