ತುಟಿಯ ಮೇಲೆ ಕೂತ ಗುಲಗಂಜಿ ಹುಳ

ಹೂಂಗುಟ್ಟುತ್ತ ಕೇಳಿ, ನಡುವೆ ನಕ್ಕರೆ ನಿಲ್ಲಿಸಿಬಿಡುತ್ತೇನೆ. ಮುನಿತಾಯಮ್ಮನಿಗೆ ಒಬ್ಬನೇ ಮಗ, ಪಿಳ್ಳಪ್ಪ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆದಿರಲಿಲ್ಲ. ಹೇಳಿದಷ್ಟನ್ನೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. ನಾನಿಲ್ಲದ ದಿನ ಇವನ ಗತಿ ಏನು ಎಂದು ತಾಯಿಗೆ ಸದಾ ಭಯ.

ಆ ವರ್ಷ ಅವರೆ ಹೂ ಬಿಡುವ ಹೊತ್ತಿಗೆ ಹೇನು ಬಿತ್ತು. ಕುಡಿಗಳಿಗೆಲ್ಲ ಮಸಿ ಬಳಿದ ಹಾಗೆ ಕರಿ ಹೇನು ಅಂಟಿಕೊಂಡು ರಸ ಹೀರುತ್ತಿತ್ತು. ಅವರೆ ಹೋದರೆ ವರ್ಷವಿಡೀ ಮನೆಯಲ್ಲಿ ಸಾರಿಗೆ ಕಾಳಿಲ್ಲ. ತಾಯಿ ಹೆದರಿ, ಹೊಲಕ್ಕೆ ಹೋಗಿ ಹುಳ ಆರಿಸು ಎಂದು ಮಗನನ್ನು ಕಳಿಸಿದಳು. ಪಿಳ್ಳಪ್ಪ ನೋಡಿದ. ಕರಿಯದು ಅಲುಗಾಡುವುದೇ ಇಲ್ಲ, ಅದು ಹುಳ ಹೇಗಾದೀತು? ಕೆಂಪಗೆ, ಕರಿ ಚುಕ್ಕೆಯ ಗುಲಗಂಜಿ ಹುಳಗಳು ಗಿಡದ ತುಂಬ ಓಡಾಡುತ್ತಿದ್ದವು. ಅವನ್ನೇ ಆರಿಸಿ ಚೆಂಬಿನ ತುಂಬ ತಂದ.

ತಾಯಿ ಚೆಂಬಿಗೆ ಇಣುಕಿ ಹಣೆ ಚಚ್ಚಿಕೊಂಡಳು. ಹೇನು ತಿನ್ನುವುದೇ ಆ ಹುಳ ಎಂದು ಬೈದು, ತಿರುಗಿ ಹೊಲಕ್ಕೆ ಬಿಟ್ಟುಬರಲು ಹೇಳಿದಳು. ಕೆಂಪಗಿರುವುದನ್ನು ಓಡಿಸಬೇಡ, ಹೊಟ್ಟೆ ತುಂಬ ತಿನ್ನಲಿ ಬಿಡು ಎಂದಳು.

ಮಾರನೆಯ ದಿನ ಯಾರದೋ ಕೆಂದ ಹಸು ಹೊಲಕ್ಕೆ ನುಗ್ಗಿತು. ಕೆಂಪಗಿತ್ತಲ್ಲ, ಪಿಳ್ಳಪ್ಪ ಸರಿದು ದಾರಿ ಬಿಟ್ಟ. ತಾಯಿ ಓಡಿಬರುವಷ್ಟರಲ್ಲಿ ಹೊಲದ ಒಂದು ಮೂಲೆ ಬೋಳಾಗಿತ್ತು. ಹಸುವನ್ನು ಅಟ್ಟಿಬಂದು ಮಗನಿಗೆ ಹೇಳಿದಳು:

"ಹಸ ಅಲ್ಲ ಕಣೋ, ಹುಳ. ಅವು ಕೂತಿರೋ ಕಡೆ ಅಲ್ಲಾಡಬ್ಯಾಡ, ಬಾಯಿ ಬಿಡಬ್ಯಾಡ. ಅವು ಹಾರ್ಹೋದ್ರೆ ನಾವು ಕೆಟ್ವಿ."

ಮರುದಿನ ಊಟದ ಹೊತ್ತಾದರೂ ಮಗ ಬರಲಿಲ್ಲ. ಹೊಲದ ಪಕ್ಕದಲ್ಲೇ ಕಟ್ಟೆಯಿಲ್ಲದ ಬಾವಿ. ತಾಯಿ ಕೂಗಿದಳು, ಉತ್ತರವಿಲ್ಲ. ಬಾವಿಗೆ ಬಗ್ಗಿ ಕೂಗಿದಳು, ಅವಳ ದನಿಯೇ ತಿರುಗಿ ಬಂತು. ಅವರೆ ಹಾಳಾಗಲಿ, ಮಗ ಸಿಕ್ಕರೆ ಸಾಕು ಎಂದು ಗಿಡ ತುಳಿದುಕೊಂಡೇ ಹುಡುಕಿದಳು. ಸುತ್ತಲಿನ ಕುಡಿಗಳಲ್ಲಿ ಹೇನು ಕಡಿಮೆಯಾಗಿತ್ತು, ಅವಳು ನೋಡಲಿಲ್ಲ.

ಗಿಡಗಳ ಮರೆಯಲ್ಲಿ ಪಿಳ್ಳಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ತಾಯಿಯ ಕೂಗು ಅಷ್ಟೂ ಕೇಳಿಸಿತ್ತು. ಆದರೆ ತುಟಿಯ ಮೇಲೊಂದು ಗುಲಗಂಜಿ ಹುಳ ಕೂತಿತ್ತು, ಬಾಯಿ ಬಿಡುವುದು ಹೇಗೆ?

ಹೋದ ಜೀವ ಬಂದಂತಾಗಿ, ಅವನೆದುರು ಕುಸಿದು ಕೂತ ಮುನಿತಾಯಮ್ಮ ಅಳುತ್ತಲೇ ಹೊಡೆಯಲು ಕೈ ಎತ್ತಿದಳು. ಹುಳ ಹಾರಿ ಆ ಕೈಮೇಲೆ ಕೂತಿತು.

"ಕೈ ಇಳಿಸಬ್ಯಾಡ ಕಣವ್ವ," ಪಿಳ್ಳಪ್ಪ ಪಿಸುಗುಟ್ಟಿದ. "ನಾವು ಕೆಟ್ವಿ."

ಮುನಿತಾಯಮ್ಮ ಕೈ ಇಳಿಸಲಿಲ್ಲ. ಹುಳ ತಾನಾಗಿ ಹಾರುವವರೆಗೂ ಇನ್ನೊಂದು ಕೈಯಲ್ಲಿ ಮಗನ ಅಂಗಿ ಬಿಗಿಯಾಗಿ ಹಿಡಿದು ಕೂತೇ ಇದ್ದಳು.