ಪ್ರಶ್ನೆಗೊಂದು ಕೊಡ ನೀರು

ಮಡುವಿನ ಆಶ್ರಮದಲ್ಲಿ ಪುಕ್ಕಟೆ ಪ್ರಶ್ನೆ ಕೇಳುವ ಹಾಗಿರಲಿಲ್ಲ.

ಗುರುಗಳನ್ನು ಏನಾದರೂ ಕೇಳಬೇಕೆಂದರೆ ಮೊದಲು ಹೊಳೆಗೆ ಹೋಗಿ ಒಂದು ಕೊಡ ನೀರು ಹೊತ್ತು ತಂದು, ಬಾಗಿಲ ಮುಂದಿನ ಕಲ್ಲುಬಾನಿಗೆ ಸುರಿಯಬೇಕು. ಆಮೇಲೆ ಒಂದು ಪ್ರಶ್ನೆ. ಇನ್ನೊಂದಕ್ಕೆ ಇನ್ನೊಂದು ಕೊಡ. ದಾರಿಯಲ್ಲಿ ಹೋಗುವ ದನಕರುಗಳು ಆ ಬಾನಿಯಲ್ಲೇ ನೀರು ಕುಡಿಯುತ್ತಿದ್ದವು.

ಬೇಸಿಗೆ ಬಂತೆಂದರೆ ಹೊಳೆ ದೂರ ಸರಿದು, ನಡುವಿನ ಮರಳು ಕಾದ ಹಂಚಾಗುತ್ತಿತ್ತು. ಆಗ ನೋಡಬೇಕು ನೀವು, ದೊಡ್ಡ ದೊಡ್ಡವರ ಪ್ರಶ್ನೆಗಳೆಲ್ಲ ಅರ್ಧ ದಾರಿಯಲ್ಲೇ ಆರಿಹೋಗುತ್ತಿದ್ದವು!

ಈ ಪದ್ಧತಿಗೆ ಇನ್ನೊಂದು ಮಗ್ಗುಲೂ ಇತ್ತು. ಕೇಳಿದ ಪ್ರಶ್ನೆಗೆ ಗುರುಗಳಿಗೇ ಉತ್ತರ ಗೊತ್ತಿಲ್ಲದಿದ್ದರೆ ಕೊಡ ಹೊರುವ ಸರದಿ ಅವರದು. ಹಾಗಂತ ಜನ ಹೇಳುತ್ತಿದ್ದರು, ಅಷ್ಟೆ. ಅವರು ಹೊತ್ತದ್ದನ್ನು ಕಂಡವರು ಯಾರೂ ಇರಲಿಲ್ಲ.

ಅಂಥ ಒಂದು ಬೇಸಿಗೆಯಲ್ಲಿ ಶಿವನಂಜಯ್ಯ ಮಗಳನ್ನು ಕರೆದುಕೊಂಡು ಬಂದ. ಅವನು ಗುರುಗಳ ಹಳೇ ಶಿಷ್ಯ. ಈಗ ಪೇಟೆಯಲ್ಲಿ ಟ್ಯೂಷನ್ ಮೇಷ್ಟ್ರು, ಒಳ್ಳೇ ಹೆಸರಿತ್ತು. ಮಗಳು ದಾಕ್ಷಾಯಿಣಿ ಒಂಬತ್ತನೇ ಕ್ಲಾಸು ಮುಗಿಸಿದ್ದಳು.

ಬಂದ ಮಾರನೇ ದಿನ ಅವನು ಕೊಡ ಎತ್ತಿಕೊಂಡು ಹೋದ. ಮರಳಿನ ಮೇಲೆ ಒಂದು ಟಿಟ್ಟಿಭ ಹಕ್ಕಿ ಅವನ ತಲೆಯ ಮೇಲೇ ಹಾರಾಡಿ ಕಿರುಚಿತು. ‘ಥೂ, ಇದೊಂದು ಶನಿ’ ಎಂದು ಟವೆಲ್ ಬೀಸಿ ಓಡಿಸಿದ. ನೀರು ತಂದು ಬಾನಿಗೆ ಸುರಿದು ಕೈಮುಗಿದ.

“ಬುದ್ಧೀ, ಮಗಳನ್ನ ಶಾಲೆ ಬಿಡಿಸಿ ಮನೇಲೇ ಓದಿಸ್ಲಾ?”

“ಯಾಕಪ್ಪಾ, ಶಾಲೆಗೆ ಏನಾಯ್ತು?”

“ಮೊದಲು ಮೂರು ಹೊತ್ತೂ ಪ್ರಶ್ನೆ ಕೇಳೋಳು ಬುದ್ಧೀ. ಮೇಷ್ಟ್ರಿಗೆ ತಲೆಕೆಟ್ಟು ಇವಳನ್ನ ಕ್ಲಾಸಿಂದ ಆಚೆ ನಿಲ್ಲಿಸಿದ್ರು. ಹುಡುಗ್ರು ‘ಪ್ರಶ್ನೆಪತ್ರಿಕೆ’ ಅಂತ ಹೆಸರಿಟ್ಟು ಆಡಿಕೊಂಡು ನಕ್ಕರು. ಅವತ್ತಿಂದ ಬಾಯಿ ಮುಚ್ಚಿದೋಳು, ಇವತ್ತಿನವರೆಗೂ ಒಂದು ಪ್ರಶ್ನೆ ಕೇಳಿಲ್ಲ. ಬೆಳಿಗ್ಗೆ ಬ್ಯಾಗು ನೋಡಿದ್ರೆ ಹೊಟ್ಟೆನೋವು. ಡಾಕ್ಟ್ರು ಏನೂ ಇಲ್ಲ ಅಂತಾರೆ. ಸೋಮವಾರ ಶಾಲೆ ಶುರು. ಅಷ್ಟರೊಳಗೆ ನಾನು ಏನಾದ್ರೂ ಒಂದು ತೀರ್ಮಾನ ಮಾಡ್ಬೇಕು.”

ಮಗಳೆಂದರೆ ಅವನಿಗೆ ಪ್ರಾಣ.

“ಮನೇಲಿ ಓದಿಸೋಕೆ ಏನೇನು ಇದೆ?” ಎಂದರು ಗುರುಗಳು.

ಶಿವನಂಜಯ್ಯನಿಗೆ ಹುರುಪು ಬಂತು. “ಎಲ್ಲಾ ಇದೆ ಬುದ್ಧೀ! ಗೋಡೆಗೆ ಕರಿಹಲಗೆ ಹಾಕಿಸಿದೀನಿ. ಒಂದು ಬೆಂಚು ತಂದಿದೀನಿ. ಒಂದು ಗಂಟೆನೂ ತಂದಿದೀನಿ.”

“ಗಂಟೆ ಯಾಕಪ್ಪಾ?”

“ಶಿಸ್ತು ಬೇಕಲ್ಲ.”

“ಬಾರಿಸೋರು ಯಾರು?”

“ನಾನೇ.”

“ಕೇಳಿಸಿಕೊಂಡು ಓಡಿಬಂದು ಕೂರೋರು?”

“ಅವಳೇ.”

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವನಂಜಯ್ಯನ ಮುಖ ಸಪ್ಪಗಾಯಿತು.

“ಉತ್ತರ ಹೇಳಲಿಲ್ಲ ಬುದ್ಧೀ.”

“ಗೊತ್ತಿದೆ ಕಣಯ್ಯಾ. ನಿನ್ನ ಕಿವಿ ಬಿಡುವಾದಾಗ ಹೇಳ್ತೀನಿ.”

ಶಿವನಂಜಯ್ಯ ಇನ್ನೊಂದು ಕೊಡ ತಂದ. ಹಕ್ಕಿ ಮತ್ತೆ ಕಿರುಚಿತು, ಅವನು ಮತ್ತೆ ಟವೆಲ್ ಬೀಸಿದ.

“ಬುದ್ಧೀ, ಶಾಲೆ ಬಿಡಿಸಿದ್ರೆ ಅವಳು ಒಂಟಿ ಆಗಿಬಿಡ್ತಾಳಾ? ಖಾಸಗಿಯಾಗಿ ಪರೀಕ್ಷೆ ಕಟ್ಟಿಸ್ತೀನಿ, ಅದು ದೊಡ್ಡದಲ್ಲ. ಆದ್ರೆ ನಾಳೆ ದಿನ ಅಪ್ಪನೇ ನನ್ನ ಬಾಳು ಕೆಡಿಸಿದ ಅಂದ್ರೆ?”

“ಅವಳು ಏನಂತಾಳೆ?”

“ಅವಳು ಮಾತೇ ಆಡಲ್ಲವಲ್ಲ ಬುದ್ಧೀ.”

“ನೀನು ಕೇಳಿದ್ಯಾ?”

“ದಿನಾ ಕೇಳ್ತೀನಿ! ಯಾಕೆ ಬಾಯಿ ಬಿಡಲ್ಲ ಅಂತ ಬೈದು ಬೈದು ಕೇಳ್ತೀನಿ!”

ಗುರುಗಳು ಈ ಸಲ ನಗಲಿಲ್ಲ. ಹೊಳೆಯ ಕಡೆ ಕೈ ತೋರಿಸಿದರು. ದೂರದಲ್ಲಿ, ಒಂದು ಬಂಡೆಯ ನೆರಳಿನಲ್ಲಿ ಹುಡುಗಿ ಕುಕ್ಕರುಗಾಲಲ್ಲಿ ಕೂತಿದ್ದಳು.

“ಬೆಳಗಾಗೋ ಮುಂಚಿಂದ ಅಲ್ಲೇ ಇದೆ ಕೂಸು. ಇನ್ನೊಂದು ಕೊಡ ತಗೊಂಡು ಬಾ. ಬರುವಾಗ ಅವಳನ್ನೂ ಕರ್ಕೊಂಡು ಬಾ. ಆದರೆ ಶಿವನಂಜಾ, ದಾರೀಲಿ ಅವಳಿಗೆ ಒಂದಕ್ಷರ ಕಲಿಸಕೂಡದು.”

ಅದೇನು ಮಹಾ, ಎಂದುಕೊಂಡ ಶಿವನಂಜಯ್ಯ. ಆದರೆ ನೀರು ತುಂಬಿಕೊಂಡು ಮಗಳ ಹತ್ತಿರ ಬರುತ್ತಿದ್ದಂತೆಯೇ ನಾಲಿಗೆ ತುರಿಸಿತು.

“ಪುಟ್ಟಾ, ಈ ಬಂಡೆ ಯಾವ ಜಾತಿ ಶಿಲೆ, ಹೇಳು ನೋಡೋಣ?”

ಹುಡುಗಿಯ ಕಣ್ಣು ಮರಳಿನ ಮೇಲಿಂದ ಕದಲಲಿಲ್ಲ.

“ಹೋಗ್ಲಿ, ಮರಳು ನೀರಿಗಿಂತ ಬೇಗ ಯಾಕೆ ಕಾಯುತ್ತೆ? ಪಾಠದಲ್ಲಿ ಬಂದಿತ್ತಲ್ಲ?”

ಅದಕ್ಕೂ ಮಾತಿಲ್ಲ. ಮೇಷ್ಟ್ರಿಗೆ ರೇಗಿತು. ಕೊಡವನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಕಾಲುದಾರಿ ಬಿಟ್ಟು, ಆಶ್ರಮಕ್ಕೆ ನೆಟ್ಟಗೆ ಮರಳಿನ ಮೇಲೇ ಹೊರಟ.

“ಅಪ್ಪಾ! ಕಾಲಿಡಬೇಡ!”

ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತು. ಮಗಳ ದನಿ ಇಷ್ಟು ಜೋರು ಎಂಬುದನ್ನೇ ಅವನು ಮರೆತುಬಿಟ್ಟಿದ್ದ.

“ಏನಾಯ್ತೇ?”

“ಕೆಳಗೆ ನೋಡು.”

ಕೆಳಗೆ ಮರಳು, ನಾಲ್ಕಾರು ಬೆಣಚುಕಲ್ಲು. ಮತ್ತೆ ನೋಡಿದ. ಅಯ್ಯೋ ಶಿವನೇ! ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ಮಚ್ಚೆಮಚ್ಚೆಯ ಮೊಟ್ಟೆಗಳು. ಗೂಡಿಲ್ಲ, ಹುಲ್ಲಿಲ್ಲ, ಬರೀ ನೆಲ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಎಲ್ಲಾ ಮುಗಿದುಹೋಗುತ್ತಿತ್ತು.

ಹಕ್ಕಿ ಬೆಳಗಿನಿಂದ ಯಾಕೆ ಕಿರುಚುತ್ತಿತ್ತು ಎಂದು ಆಗ ತಿಳಿಯಿತು.

ದಾಕ್ಷಾಯಿಣಿ ಅವನ ತೋಳು ಹಿಡಿದು ಬಂಡೆಯ ಹಿಂದಕ್ಕೆ ಎಳೆದುಕೊಂಡು ಹೋದಳು. “ಕೂತ್ಕೋ. ಉಸಿರೆತ್ತಬೇಡ. ನಾವು ದೂರ ಹೋದ್ರೆ ಬರುತ್ತೆ.”

ಅವನು ಕೂತ. ಮಗಳು ಹೇಳಿದಂತೆ ಕೇಳಿದ್ದು ಅದೇ ಮೊದಲು.

ಹಕ್ಕಿ ಇಳಿಯಿತು. ಆದರೆ ಮೊಟ್ಟೆಯ ಹತ್ತಿರ ಬರಲಿಲ್ಲ, ಹೊಳೆಯ ಅಂಚಿಗೆ ನಡೆಯಿತು. ನೀರಿನಲ್ಲಿ ನಿಂತು, ಬಗ್ಗಿ, ಎದೆ ಹೊಟ್ಟೆಗಳನ್ನು ಮುಳುಗಿಸಿತು. ಮತ್ತೆ ಮತ್ತೆ ಮುಳುಗಿಸಿತು.

“ನೀರು ಕುಡೀತಿದೆ” ಎಂದು ಪಿಸುಗುಟ್ಟಿದ.

“ಇಲ್ಲ ಅಪ್ಪ. ನೋಡ್ತಿರು.”

ಹಕ್ಕಿ ಓಡೋಡಿ ಬಂತು. ತೊಟ್ಟಿಕ್ಕುವ ಎದೆಯನ್ನು ಹಾಗೇ ಮೊಟ್ಟೆಗಳ ಮೇಲೆ ಇಳಿಸಿ, ರೆಕ್ಕೆ ಸ್ವಲ್ಪ ಬಿಡಿಸಿ ನೆರಳು ಮಾಡಿ ನಿಂತಿತು.

“ಕಾವು ಕೊಡ್ತಿದೆ” ಎಂದ ಶಿವನಂಜಯ್ಯ. ಎಷ್ಟೋ ವರ್ಷಗಳಿಂದ ಅವನು ಮಕ್ಕಳಿಗೆ ಹೇಳಿಕೊಟ್ಟದ್ದು ಅದನ್ನೇ.

“ಕಾವಲ್ಲ ಅಪ್ಪ, ತಂಪು! ಈ ಬಿಸಿಲಿಗೆ ಮೊಟ್ಟೆ ಬೆಂದೇಹೋಗಲ್ವಾ? ಅದಕ್ಕೆ ಹೊಳೇನ ಎದೇಲಿ ಹೊತ್ಕೊಂಡು ಬರ್ತಿದೆ. ಬಿಸಿಲು ಏರಿದಾಗಿನಿಂದ ಹಿಂಗೇ ಹೋಗೋದು, ಬರೋದು. ಇದಕ್ಕೆ ಸುಸ್ತಾದ್ರೆ ಇನ್ನೊಂದು ಬರುತ್ತೆ. ಗಂಡುಹಕ್ಕಿ ಇರಬೇಕು. ಒಂದು ಸಲಾನೂ ತಪ್ಪಿಲ್ಲ ಅಪ್ಪ!”

ಮೇಷ್ಟ್ರು ಹಕ್ಕಿಯನ್ನು ನೋಡಿದ. ಆಮೇಲೆ ಮಗಳನ್ನು ನೋಡಿದ. ಬಿಸಿಲಿಗೆ ಕೆಂಪಾದ ಮುಖ, ಮಿಟುಕದ ಕಣ್ಣು. ಹೊಟ್ಟೆನೋವಿನ ಹುಡುಗಿ ಇವಳೇನಾ? ಬೆಳಗಿನಿಂದ ನೀರು ಸಹ ಕುಡಿಯದೆ ಯಾವ ಗಂಟೆಯ ಸದ್ದಿಗೆ ಇಲ್ಲಿ ಬಂದು ಕೂತಳು ಇವಳು?

ತನ್ನದೇ ಮಗಳ ಪಕ್ಕದಲ್ಲಿ ಕೂರಲು ಅವನಿಗೆ ಒಂದು ಥರ ಭಯಭಕ್ತಿಯೇ ಆಯಿತು. ಕಣ್ಣು ತುಂಬಿಕೊಂಡವು.

ಆಶ್ರಮಕ್ಕೆ ಬಂದು ಬಾನಿಗೆ ನೀರು ಸುರಿದು ಕೂತ.

“ಏನಪ್ಪಾ, ಏನು ಪ್ರಶ್ನೆ?” ಎಂದರು ಗುರುಗಳು.

“ನೀರು ತಂದೆ ಬುದ್ಧೀ. ಪ್ರಶ್ನೆ ದಾರೀಲೇ ಎಲ್ಲೋ ಬಿದ್ದೋಯ್ತು.”

ಅಷ್ಟರಲ್ಲಿ ದಾಕ್ಷಾಯಿಣಿ ಬಂದಳು. ಯಾರ ಮುಖವನ್ನೂ ನೋಡದೆ, ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊಳೆಯ ಕಡೆ ನಡೆದಳು.

ಶಿವನಂಜಯ್ಯ ಧಡಕ್ಕನೆ ಎದ್ದ. “ಪುಟ್ಟಾ, ಬಿಸಿಲಿದೆ, ಕೊಡು ನಾನು...”

“ಕೂತ್ಕೋ ಶಿವನಂಜಾ” ಎಂದರು ಗುರುಗಳು. ಅವರ ದನಿ ಯಾಕೋ ಮೆತ್ತಗಾಗಿತ್ತು.

ಅವನು ಕೂತ. ಆಗ ಹೊಳೆಯಿತು ಅವನಿಗೆ. ಈ ಆಶ್ರಮದಲ್ಲಿ ಜನ ಯಾತಕ್ಕೆ ಕೊಡ ಎತ್ತುತ್ತಾರೆ?

ಹುಡುಗಿ ಮೊಟ್ಟೆಗಳಿದ್ದ ಜಾಗವನ್ನು ಬಳಸಿಕೊಂಡು, ದೂರದ ದಾರಿಯಲ್ಲೇ ಹೋಗಿ, ದೂರದ ದಾರಿಯಲ್ಲೇ ಬಂದಳು. ಅರ್ಧ ಲಂಗ ನೆನೆದಿತ್ತು. ಬಾನಿಗೆ ನೀರು ಸುರಿದಳು. ತುಟಿ ಅಲುಗಿದವು, ಮಾತು ಬರಲಿಲ್ಲ. ಗುರುಗಳು ಕಾದರು.

“ಬುದ್ಧೀ...”

“ಕೇಳು ಕೂಸೇ.”

“ಎದೆ ನೆನೆಸ್ಕೊಂಡು ಬಾ ಅಂತ ಆ ಹಕ್ಕಿಗೆ ಯಾರು ಹೇಳಿಕೊಟ್ರು?”

ಶಿವನಂಜಯ್ಯನ ನಾಲಿಗೆಯ ತುದಿಯಲ್ಲೇ ಉತ್ತರವಿತ್ತು. ಅದು ಹುಟ್ಟುಗುಣ, ಪುಸ್ತಕದಲ್ಲಿದೆ, ಪರೀಕ್ಷೆಗೂ ಬರುತ್ತೆ. ಬಾಯಿ ತೆರೆದ. ಮಗಳ ಕಣ್ಣು ನೋಡಿದ. ತೆರೆದ ಬಾಯನ್ನು ಹಾಗೇ ಮುಚ್ಚಿದ. ಅವನು ತನ್ನ ಜನ್ಮದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿರಲಿಲ್ಲ, ಪಾಪ.

ಗುರುಗಳು ಹೊಳೆಯ ಕಡೆ ನೋಡಿದರು. ಆಮೇಲೆ ಮೊಣಕಾಲ ಮೇಲೆ ಕೈಯೂರಿ ಎದ್ದರು. ಬಂದು, ಹುಡುಗಿಯ ಕೈಯಿಂದ ಖಾಲಿ ಕೊಡ ತೆಗೆದುಕೊಂಡರು.

“ನನಗೆ ಗೊತ್ತಿಲ್ಲ ಮಗಳೇ.”

ಅಂಗಳ ಗುಡಿಸುತ್ತಿದ್ದವರ ಕೈ ನಿಂತಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಆ ಮುದಿ ಹೆಗಲಿಗೆ ಕೊಡ ಏರಿದ್ದನ್ನು ಎಲ್ಲರೂ ಬಾಯಿಬಿಟ್ಟು ನೋಡಿದರು.

ದಾಕ್ಷಾಯಿಣಿ ನಕ್ಕಳು. ಎಷ್ಟು ಕಾಲವಾಗಿತ್ತೋ ಅವಳು ನಕ್ಕು! “ಬನ್ನಿ ಬುದ್ಧೀ, ದಾರಿ ತೋರಿಸ್ತೀನಿ. ಕಂಡಕಂಡಲ್ಲಿ ಕಾಲಿಡೋ ಹಾಗಿಲ್ಲ” ಎಂದು ಮುಂದೆ ಹೊರಟಳು.

ಶಿವನಂಜಯ್ಯ ಕಣ್ಣೊರೆಸಿಕೊಂಡು ಗುರುಗಳ ಹಿಂದೆ ಓಡಿದ.

“ಬುದ್ಧೀ, ನನ್ನ ಮೊದಲನೇ ಪ್ರಶ್ನೆ... ಸೋಮವಾರ... ಈಗ ನನ್ನ ಕಿವಿ ಬಿಡುವಾಗಿದೆ.”

ಗುರುಗಳು ನಿಂತು, ಕೊಡದ ಕಂಠವನ್ನು ಭದ್ರವಾಗಿ ಹಿಡಿದುಕೊಂಡು, ತಿರುಗಿ ನೋಡಿದರು.

“ಹಲಗೆ ಇದೆ, ಬೆಂಚಿದೆ, ಗಂಟೆನೂ ಇದೆ ಅಂದೆ. ನಿನ್ನ ಮನೇಲಿ ನೀನು ಹೊರೋಕೆ ಒಂದು ಕೊಡ ಇದೆಯೇನಪ್ಪಾ?”