ಎದ್ದಾನೆ ಗುಡ್ಡದ ಚೊಂಬು

ಅರುಳಾಪುರದ ಚರ್ಚಿನ ಹಿಂದಿರುವ ಕಲ್ಲುಗುಡ್ಡಕ್ಕೆ ಎದ್ದಾನೆ ಗುಡ್ಡವೆಂದು ಹೆಸರು. ಹೊರಗಿನವರು ಬಂದರೆ ಸಾಕು, ಎದ್ದು ನಿಂತ ಆನೆ ಎಲ್ಲಿದೆಯೆಂದು ಬಂಡೆಗಳ ಸುತ್ತ ಹುಡುಕುತ್ತಾರೆ. ಹೋದ ವರ್ಷ ಒಬ್ಬ ಮಹಾಶಯರು ಸೊಂಡಿಲನ್ನೂ ಕಂಡುಹಿಡಿದು ನನಗೇ ತೋರಿಸಿದರು! ಅಯ್ಯಾ, ಅಲ್ಲಿ ಯಾವ ಆನೆಯೂ ಇಲ್ಲ. ನೆತ್ತಿಯ ಮೇಲೆ ಒಂದು ಪುಟ್ಟ ಸಮಾಧಿ, ಪಕ್ಕದಲ್ಲಿ ನೀರು ತುಂಬಿದ ಒಂದು ಚೊಂಬು, ಅಷ್ಟೇ.

ಊರಿನಲ್ಲಿ ಹತ್ತಿಪ್ಪತ್ತು ಮನೆಗಳಷ್ಟೇ ಇದ್ದ ಕಾಲ. ಪಾಸ್ಕ ಹಬ್ಬಕ್ಕೆ, ಅಂದರೆ ಕ್ರಿಸ್ತಸ್ವಾಮಿ ಸತ್ತವರೊಳಗಿಂದ ಎದ್ದ ದಿನಕ್ಕೆ, ಇನ್ನು ನಾಲ್ಕು ದಿನವಿರುವಾಗ ಮದಲೇನಮ್ಮನೆಂಬ ವಿಧವೆಯ ಒಬ್ಬನೇ ಮಗ, ಐದು ವರ್ಷದ ಇನ್ನಾಸಿ, ಜ್ವರದಿಂದ ತೀರಿಕೊಂಡ. ಗುಡ್ಡದ ನೆತ್ತಿಯಲ್ಲಿ ಮಣ್ಣು ಮಾಡಿದ ಮೇಲೆ ತಾಯಿ ಅಲ್ಲಿಂದ ಕದಲಲಿಲ್ಲ. ಅನ್ನ ಮುಟ್ಟಲಿಲ್ಲ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಹೀಗೇ ಬಿಟ್ಟರೆ ಮಗನ ಹಿಂದೆಯೇ ಹೋಗುತ್ತಾಳೆಂದು ಊರಿಗೆಲ್ಲ ಹೆದರಿಕೆಯಾಯಿತು.

ಪಾಸ್ಕದ ಬೆಳಗ್ಗೆ, ಊರಿಗೆ ಜಪ ಕಲಿಸುತ್ತಿದ್ದ ಉಪದೇಶಿ ಚೌರಪ್ಪನವರು ವಾಡಿಕೆಯಂತೆ ಚರ್ಚಿನ ಮೆಟ್ಟಿಲ ಮೇಲೆ ನಿಂತು "ಎದ್ದಾನೆ!" ಎಂದು ಕೂಗಿದರು. ನಮ್ಮ ಕಡೆ 'ಎದ್ದಿದ್ದಾನೆ' ಎಂದು ಎಳೆಯುವವರಿಲ್ಲ. ದಿನಾ ಬೆಳಗ್ಗೆ ನೆರೆಯವರು "ಮಗ ಎದ್ದನೇನೇ?" ಎಂದು ಕೇಳಿದರೆ ಮದಲೇನಮ್ಮ ಹೇಳುತ್ತಿದ್ದುದೂ ಅದೇ ಮಾತು. ಸಮಾಧಿಗೊರಗಿ ತೂಕಡಿಸುತ್ತಿದ್ದವಳಿಗೆ ಬೇರೆ ಅರ್ಥ ಹೇಗೆ ಹೊಳೆಯಬೇಕು, ಪಾಪ! ಬಿದ್ದೆನೋ ಎದ್ದೆನೋ ಎಂದು ಓಡಿಬಂದು ಚೌರಪ್ಪನವರ ಕೈ ಹಿಡಿದು, "ಎಲ್ಲಿದಾನೆ ನನ್ ಮಗ?" ಎಂದಳು.

ಚೌರಪ್ಪನವರು ತಲೆ ತಗ್ಗಿಸಿ, "ಇನ್ನಾಸಿ ಅಲ್ಲ ಕಣಮ್ಮಾ, ಸ್ವಾಮಿ. ಮೊದಲು ಎದ್ದೋನು ಅವನು" ಎಂದರು.

ಮದಲೇನಮ್ಮ ಹಿಡಿದಿದ್ದ ಕೈಯನ್ನು ಬಿಟ್ಟಳಂತೆ. ಆಮೇಲೆ, "ಮನೇಲಿ ಮೊದಲು ಎದ್ದೋರೇ ಅಲ್ವಾ ಮಿಕ್ಕೋರನ್ನ ಎಬ್ಬಿಸೋದು? ಹಂಗಾದ್ರೆ ನನ್ ಮಗನ್ನೂ ಎಬ್ಬಿಸ್ತಾನೆ" ಎಂದವಳೇ ಮೆಟ್ಟಿಲ ಮೇಲೆ ಕುಸಿದು ಗೋಳೋ ಎಂದು ಅತ್ತಳು. ಅವಳು ಅತ್ತಿದ್ದು ಕಂಡು ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು ಎನ್ನುತ್ತಾರೆ. ಯಾರೋ ಗಂಜಿ ತಂದುಕೊಟ್ಟರು. ಕುಡಿದು, ಇನ್ನೊಂದು ಬಟ್ಟಲು ಕೇಳಿದಳು.

ಆಮೇಲೆ ಅವಳು ಮೂವತ್ತು ವರ್ಷ ಬದುಕಿದಳು. ಸಮಾಧಿಯ ಪಕ್ಕ ಒಂದು ಚೊಂಬು ನೀರಿಟ್ಟು, ದಿನಾ ಗುಡ್ಡ ಹತ್ತಿ ಅದನ್ನು ಬದಲಿಸುತ್ತಿದ್ದಳು. ಈಗ ಮನೆಗೊಂದು ದಿನದಂತೆ ನಾವು ಬದಲಿಸುತ್ತೇವೆ. ಪಾಸ್ಕದ ಬೆಳಗ್ಗೆ ಮೊದಲು ಎದ್ದ ಮನೆಯವರು ಪಕ್ಕದ ಮನೆಯ ಬಾಗಿಲು ತಟ್ಟಿ "ಎದ್ದಾನೆ" ಎನ್ನುವುದು ಇಂದಿಗೂ ಉಂಟು. ನೋಡಲು ಬಂದವರು ಆ ನೀರನ್ನು ತೀರ್ಥವೆಂದುಕೊಂಡು ಕೈಯೊಡ್ಡುತ್ತಾರೆ. ದಯವಿಟ್ಟು ಮುಟ್ಟಬೇಡಿ. ಅದು ಇನ್ನಾಸಿ ಎದ್ದ ಮೇಲೆ ಮುಖ ತೊಳೆದುಕೊಳ್ಳುವುದಕ್ಕೆ.